ಚಾಳೀಸು ತಾನಾಗೇ ಬಿಟ್ಟೋಯ್ತು, ಆದ್ರೆ ಬಸ್ ಬೋರ್ಡ್ ಕಾಣ್ತಿಲ್ಲ. ಏನಿರಬಹುದು?

ಚೆಕ್‌ರೋಲ್ ರೈಟ್ರು
ಭಾನುವಾರ, ರಾತ್ರಿ 9:20

ಎಲ್ರಿಗೂ ನಮಸ್ಕಾರ. ನಾನು ಸಕಲೇಶಪುರದ ಹತ್ರ ಹಾನುಬಾಳ್ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟ್ರು, ವಯಸ್ಸು 48. ವಿಷ್ಯ ಸ್ವಲ್ಪ ವಿಚಿತ್ರವಾಗಿದೆ, ನಗ್ಬೇಡಿ. ಐದಾರು ವರ್ಷದಿಂದ ಚಾಳೀಸ್ ಕನ್ನಡಕ ಹಾಕ್ತಿದೀನಿ, ಪ್ಲಸ್ ಒಂದೂಮುಕ್ಕಾಲು, ಅದಿಲ್ದೆ ಕೆಲ್ಸದವ್ರ ಹಾಜರಿ ಕೂಲಿ ಲೆಕ್ಕದ ಚೆಕ್‌ರೋಲ್ ಬರಿಯೋ ಮಾತೇ ಇಲ್ಲ, ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ. ಹೋದ ತಿಂಗಳು ಒಂದು ಶನಿವಾರ ಕನ್ನಡಕ ಮನೇಲೇ ಬಿಟ್ಟು ಬಂದ್ಬಿಟ್ಟಿದ್ದೆ, ಬಟವಾಡೆ ದಿನ ಬೇರೆ, ಕೆಲ್ಸದವ್ರೆಲ್ಲ ಸಾಲಾಗಿ ನಿಂತವ್ರೆ, ಏನಾದ್ರಾಗ್ಲಿ ಅಂತ ಪುಸ್ತಕ ಬಿಚ್ಚಿದ್ರೆ ಒಂದೊಂದು ಅಂಕಿನೂ ಅಚ್ಚು ಹೊಡ್ದಂಗೆ ಕಾಣ್ತಿದೆ! ಖುಷಿಗೆ ಮನೆಗೆ ಹೋಗಿ ಹೆಂಡ್ತಿ ಮುಂದೆ ಕ್ಯಾಲೆಂಡರ್ ಸಣ್ಣ ಅಕ್ಷರ ಎಲ್ಲ ಓದಿ ತೋರ್ಸಿದೆ. ರಾಹುಕಾಲ ಗುಳಿಕಕಾಲ ಎಲ್ಲ.

ಆಮೇಲ್ ಶುರುವಾಯ್ತು ನೋಡಿ. ಆಫೀಸ್ ಜಗಲಿ ಮೇಲೆ ನಿಂತ್ಕೊಂಡ್ರೆ ಕಣದಲ್ಲಿ ಕಾಫಿ ಎಳೀತಿರೋರು ಯಾರು ಅಂತ ಗೊತ್ತಾಗ್ತಿಲ್ಲ, ಎಲ್ಲ ಬಣ್ಣ ಬಣ್ಣದ ಮಬ್ಬು. ಹೋದ ಬುಧವಾರ ಸಕಲೇಶಪುರ ಸ್ಟ್ಯಾಂಡಲ್ಲಿ ಬೋರ್ಡ್ ಮೇಲೆ ‘ಹಾ’ ಅಂತ ಕಂಡ್ತು, ಹಾನುಬಾಳ್ ಅಂತ ಹತ್ತಿ ಕೂತೆ, ಅದು ಹಾಸನದ ಬಸ್ಸು. ಕಂಡಕ್ಟರ್ ಟಿಕೆಟ್ ಕೇಳಿದಾಗ್ಲೇ ಗೊತ್ತಾಗಿದ್ದು, ಬಾಳ್ಳುಪೇಟೆಲಿ ಇಳ್ದು ವಾಪಸ್ ಬಂದೆ ಮರ್ಯಾದೆ ಹೋಯ್ತು.

ಒಂದು ಆಪ್ಟಿಕಲ್ ಅಂಗಡೀಲಿ ಕಂಪ್ಯೂಟರ್ ಟೆಸ್ಟ್ ಮಾಡಿ ಮೈನಸ್ ಒಂದೂಕಾಲು ಅಂದ್ರು, 2,200 ರೂಪಾಯಿ ಕೊಟ್ಟು ಕನ್ನಡಕ ಮಾಡಿಸ್ದೆ. ಹತ್ತು ದಿನಕ್ಕೆ ಅದ್ರಲ್ಲೂ ಮಬ್ಬು. ವಾಪಸ್ ಹೋದ್ರೆ ಈಗ ಮೈನಸ್ ಎರಡು ಅಂತಾವ್ರೆ, ‘ಮೊಬೈಲ್ ಜಾಸ್ತಿ ನೋಡ್ತೀರಾ’ ಅಂತ ನಂಗೇ ಬೈಗುಳ. ನೋವಿಲ್ಲ, ಕೆಂಪಾಗಿಲ್ಲ, ನೀರು ಸೋರಲ್ಲ. ಎರಡೂ ಕಣ್ಣು ಒಂದೇ ಥರ. ಯಾರಿಗಾದ್ರೂ ಹಿಂಗಾಗಿದ್ಯಾ? ಮಿಷಿನ್ ಕೆಟ್ಟಿದ್ಯೋ ನಾನ್ ಕೆಟ್ಟಿದೀನೋ?

ಬೇಲೂರ್ ಬೈಪಾಸ್
ಭಾನುವಾರ, ರಾತ್ರಿ 9:31

ರೈಟ್ರೇ ಕ್ಯಾಲೆಂಡರಲ್ಲಿ ರಾಹುಕಾಲ ಓದಿ ತೋರ್ಸಿದ್ರಲ್ಲ, ಅದೇ ಟೈಮಲ್ಲಿ ದೃಷ್ಟಿ ಆಗಿದೆ 😀 ಮೆಣಸಿನಕಾಯಿ ಉಪ್ಪು ನಿವಾಳ್ಸಿ ಒಲೆಗೆ ಹಾಕ್ಸಿ. ತಮಾಷೆ ಬಿಡಿ, ನಮ್ಮಪ್ಪಂಗೂ ಚಾಳೀಸ್ ಬಿಡ್ಸೋ ಉಪಾಯ ಇದ್ರೆ ಹೇಳಿ, ದಿನಕ್ಕೆ ಮೂರು ಸಲ ಹುಡುಕ್ಸ್ತಾರೆ, ತಲೆ ಮೇಲೇ ಇರುತ್ತೆ.

ಹೊನಗೊನ್ನೆ
ಭಾನುವಾರ, ರಾತ್ರಿ 10:05

ಅಣ್ಣ ಹೊನಗೊನ್ನೆ ಸೊಪ್ಪು ತಿನ್ನಿ, ವಾರಕ್ಕೆ ಮೂರು ದಿನ, ಬೇಳೆ ಹಾಕಿ ಬಸ್ಸಾರು ಪಲ್ಯ ಮಾಡ್ಸಿ. ನಮ್ಮ ಹೊಳೆನರಸೀಪುರದ ಕಡೆ ಕೆರೆ ಏರಿ ಕೆಳಗೆ ಸಿಗೋದು ತುಂಬಾ ಚೆನ್ನಾಗಿರುತ್ತೆ. ರಾತ್ರಿ ಮಲಗುವಾಗ ನಂದಿಬಟ್ಟಲು ಹೂವು ಕಣ್ಣು ಮೇಲೆ ಇಟ್ಕೊಳಿ ತಂಪು. ನಮ್ಮತ್ತೆ ಎರಡು ತೊಟ್ಟು ಜೇನುತುಪ್ಪನೂ ಬಿಡ್ತಿದ್ರು ಕಣ್ಣಿಗೆ.

ಕನ್ನಡಕದಂಗ್ಡಿ
ಭಾನುವಾರ, ರಾತ್ರಿ 10:40

ಅಕ್ಕ, ಸೊಪ್ಪು ತಿನ್ಲಿ, ಹೂವು ಮುಚ್ಚಿದ ರೆಪ್ಪೆ ಮೇಲೆ ಇಟ್ಕೊಳ್ಲಿ ಬೇಡ ಅನ್ನಲ್ಲ. ಕಣ್ಣೊಳಗೆ ಜೇನು, ಎದೆಹಾಲು, ಹರಳೆಣ್ಣೆ ಯಾವ್ದೂ ಬಿಡ್ಬೇಡಿ ದಯವಿಟ್ಟು. ನಾನು ಹಾಸನದಲ್ಲಿ ಆಪ್ಟೋಮೆಟ್ರಿ ಮಾಡ್ಕೊಂಡು ಕೆಲ್ಸ ಮಾಡ್ತಿರೋನು, ಜೇನು ಬಿಟ್ಕೊಂಡು ಇನ್ಫೆಕ್ಷನ್ ಆಗಿ ಕರಿಗುಡ್ಡೆ ಮೇಲೆ ಬಿಳಿ ಕಲೆ ಕೂತಿರೋದು ನೋಡಿದೀನಿ.

ರೈಟ್ರೇ, ಎರಡೇ ವಾರದಲ್ಲಿ ಮುಕ್ಕಾಲು ನಂಬರ್ ಬದಲಾಯ್ತು ಅಂದ್ರೆ ಅದು ಮೊಬೈಲಿಂದ ಅಲ್ಲ. 48ರಲ್ಲಿ ಹಿಂಗೆ ಮೈನಸ್ ಏರೋದೇ ಇಲ್ಲ ಸುಮ್ನೆ. ಮೊದ್ಲು ಒಂದು ಕೆಲ್ಸ ಮಾಡಿ. ದಪ್ಪ ಕಾರ್ಡ್ ತಗೊಳಿ, ಹಳೇ ಲಗ್ನಪತ್ರಿಕೆ ಆದ್ರೂ ಆಯ್ತು, ಗುಂಡುಸೂಜಿಯಿಂದ ಒಂದು ತೂತು ಮಾಡಿ. ಒಂದು ಕಣ್ಣು ಕೈಯಿಂದ ಮುಚ್ಚಿ, ಇನ್ನೊಂದ್ರಲ್ಲಿ ಆ ತೂತಿನ ಮೂಲಕ ದೂರದ ಬೋರ್ಡ್ ನೋಡಿ. ಸ್ವಲ್ಪ ಕತ್ತಲಾಗಿರುತ್ತೆ, ಆದ್ರೆ ಅಕ್ಷರ ಸ್ಪಷ್ಟ ಆಗುತ್ತಾ ಇಲ್ವಾ ಅದು ಹೇಳಿ. ಸ್ಪಷ್ಟ ಆದ್ರೆ ತೊಂದ್ರೆ ನಂಬರ್‌ದು, ಅಂದ್ರೆ ಬೆಳಕು ಕೂರೋ ಜಾಗ ತಪ್ಪಿದೆ ಅಷ್ಟೆ. ಆಗ್ಲಿಲ್ಲ ಅಂದ್ರೆ ಹಿಂದಿನ ಪರದೆ, ಅಂದ್ರೆ ರೆಟಿನಾ, ಇಲ್ಲಾ ನರ ನೋಡಿಸ್ಬೇಕು. ಒಂದೊಂದೇ ಕಣ್ಣು ಬೇರೆ ಬೇರೆ ನೋಡಿ, ಎರಡೂ ತೆಗ್ದು ನೋಡಿದ್ರೆ ಕೆಟ್ಟ ಕಣ್ಣಿನ ತಪ್ಪನ್ನ ಒಳ್ಳೇ ಕಣ್ಣು ಮುಚ್ಚಾಕ್ಬಿಡುತ್ತೆ.

ಜೊತೆಗೆ ಬಚ್ಚಲುಮನೆ ಟೈಲ್ಸ್ ಗೆರೆ ನೋಡಿ, ನಡುವೆ ಸೊಟ್ಟ ಕಾಣ್ತಿದ್ಯಾ? ಒಂದು ಕಾಫಿ ಹಣ್ಣು ಹಿಡ್ಕೊಂಡು ಒಂದೊಂದೇ ಕಣ್ಣಲ್ಲಿ ನೋಡಿ, ಕೆಂಪು ಒಂದ್ರಲ್ಲಿ ಗಾಢ ಇನ್ನೊಂದ್ರಲ್ಲಿ ಬಿಳಿಚಿಕೊಂಡಂಗೆ ಇದ್ಯಾ? ಇತ್ತೀಚೆಗೆ ಹೊಸ ಮಾತ್ರೆ ಏನಾದ್ರೂ ಶುರು ಮಾಡಿದೀರಾ?

ಆಲೂರ್ ಟ್ರ್ಯಾಕ್ಟರ್
ಸೋಮವಾರ, ಬೆಳಿಗ್ಗೆ 6:15

ನಮ್ಮನೇಲಿ ಆಗಿದ್ದು ಹೇಳ್ತೀನಿ. ಅಮ್ಮ ಹಿತ್ಲು ಕಳೆ ಕೀಳ್ತಿದ್ರು, ಮಧ್ಯಾಹ್ನಕ್ಕೆ ಬಲಗಣ್ಣು ಮಂಜು ಅಂದ್ರು, ನೋಡಿದ್ರೆ ಆ ಕಣ್ಣಿನ ಪಾಪೆ ಇಷ್ಟ್ ದೊಡ್ಡದಾಗಿದೆ ಇನ್ನೊಂದು ಸಣ್ಣ. ಎಲ್ರೂ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದ್ರು, ಅತ್ಗೆಮ್ಮ ಅಳೋಕೇ ಶುರು, ಹಾಸನಕ್ಕೆ ಎತ್ತಾಕ್ಕೊಂಡ್ ಹೋಗಿ ಸ್ಕ್ಯಾನ್ ಮಾಡ್ಸಿದ್ರೆ ಏನೂ ಇಲ್ಲ. ಆಮೇಲೆ ಒಬ್ರು ವಯಸ್ಸಾದ ಡಾಕ್ಟ್ರು ಬಂದು ಅಮ್ಮನ ಕೈ ಮೂಸಿ ನೋಡಿ ಕೇಳಿದ್ದೊಂದೇ, ಏನಮ್ಮ ಉಮ್ಮತ್ತಿ ಗಿಡ ಕಿತ್ತ್ಯಾ? ಹೌದು ಸ್ವಾಮಿ ಅಂದ್ರು. ಅದರ ರಸ ಕೈಗೆ ಹತ್ತಿ ಅದೇ ಕೈಲಿ ಕಣ್ಣು ಉಜ್ಜಿದಾರೆ. ಮೂರು ನಾಲ್ಕು ದಿನಕ್ಕೆ ತಾನೇ ಸರಿ ಹೋಯ್ತು.

ಕನ್ನಡಕದಂಗ್ಡಿ
ಸೋಮವಾರ, ಬೆಳಿಗ್ಗೆ 7:50

ಸರಿಯಾಗಿ ಹೇಳಿದ್ರು. ಉಮ್ಮತ್ತಿಲಿ ಅಟ್ರೋಪಿನ್ ಜಾತಿ ವಿಷ ಇರುತ್ತೆ, ಪಾಪೆ ಅಗಲ ಮಾಡೋಕೆ ನಾವು ಬಿಡೋ ಹನಿಯ ಅಣ್ಣ ಅದು. ಎಸ್ಟೇಟ್ ಬಂಗ್ಲೆ ಮುಂದೆ ಗಂಟೆ ಥರ ದೊಡ್ಡ ಹೂವು ನೇತಾಡುತ್ತಲ್ಲ, ಅದೂ ಹತ್ತಿರದ ಸಂಬಂಧಿನೇ. ಆದ್ರೆ ಸ್ಕ್ಯಾನ್ ಮಾಡ್ಸಿದ್ದು ದಂಡ ಅಂದ್ಕೋಬೇಡಿ. ಒಂದೇ ಪಾಪೆ ದೊಡ್ಡದಾಗಿ ಜೊತೆಗೆ ರೆಪ್ಪೆ ಜೋತು ಬಿದ್ರೆ, ಜೋರು ತಲೆನೋವು ಬಂದ್ರೆ ಅದು ಆಟದ ವಿಷ್ಯ ಅಲ್ಲ, ಓಡ್ಬೇಕು. ರೈಟ್ರದ್ದು ಇದಲ್ಲ. ಉಮ್ಮತ್ತಿ ಹತ್ತಿದ್ರೆ ಹತ್ರದ್ದೇ ಮೊದ್ಲು ಹೋಗೋದು, ಇವ್ರಿಗೆ ಹತ್ರದ್ದು ಬಂದಿದೆ.

ಅರಸೀಕೆರೆ ಪ್ಯಾಸೆಂಜರ್
ಸೋಮವಾರ, ಬೆಳಿಗ್ಗೆ 8:30

ನಾನು ನಿವೃತ್ತ ಮೇಷ್ಟ್ರು. ನಮ್ಮಜ್ಜಿಗೂ ಎಪ್ಪತ್ತು ದಾಟಿದ ಮೇಲೆ ಇದ್ದಕ್ಕಿದ್ದಂಗೆ ಸೂಜಿಗೆ ದಾರ ಪೋಣಿಸೋ ಶಕ್ತಿ ಬಂದಿತ್ತು, ಊರೋರೆಲ್ಲ ಅಜ್ಜಿಗೆ ಮರುಹರೆಯ ಅಂತಿದ್ರು. ಎರಡು ವರ್ಷಕ್ಕೆ ಎರಡೂ ಕಣ್ಣು ಬೆಳ್ಳಗೆ ಪೊರೆ. ಆಗೆಲ್ಲ ಕಣ್ಣಿನ ಡಾಕ್ಟ್ರು ಡಾ. ಎಂ.ಸಿ. ಮೋದಿಯವ್ರ ಕ್ಯಾಂಪ್ ಅಂದ್ರೆ ಜಾತ್ರೆ, ಸ್ಕೂಲಲ್ಲಿ ಬೆಂಚು ಜೋಡ್ಸಿ ಸಾಲಾಗಿ ಮಲಗಿಸ್ತಿದ್ರು, ಅಜ್ಜಿ ಅಲ್ಲೇ ಆಪರೇಷನ್ ಮಾಡಿಸ್ಕೊಂಡು ದಪ್ಪ ಗಾಜಿನ ಕನ್ನಡಕ ಹಾಕ್ಕೊಂಡ್ ಬಂದ್ರು. ರೈಟ್ರಿಗೆ ಪೊರೆ ಇರಬಹುದಾ ಅಂತ ನನ್ನ ಅನುಮಾನ.

ಇನ್ನೊಂದು. ನಮ್ಮಣ್ಣ ಒಂದಿನ ಊಟಕ್ಕೆ ಕೂತವ್ರು ಎಡಗಣ್ಣಿಗೆ ಯಾರೋ ಮೇಲಿಂದ ಶಟರ್ ಎಳ್ದಂಗಾಯ್ತು ಅಂದ್ರು, ಐದು ನಿಮಿಷ, ಆಮೇಲೆ ಸರಿ ಹೋಯ್ತು. ಮಜ್ಜಿಗೆ ಕುಡ್ದು ಮಲಗಿದ್ರು. ಹನ್ನೊಂದನೇ ದಿನ ಬಲಗೈ ಬಿದ್ದೋಯ್ತು, ಮಾತು ಹೋಯ್ತು. ಕುತ್ತಿಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿತ್ತಂತೆ, ಅದರ ಚೂರು ಮೊದ್ಲು ಕಣ್ಣಿಗೆ ಹೋಗಿತ್ತಂತೆ. ಕಣ್ಣು ಬಂತಲ್ಲ ಅಂತ ಸುಮ್ನಾದ್ವಲ್ಲ, ಆ ಐದು ನಿಮಿಷಾನೇ ಎಚ್ಚರಿಕೆ ಆಗಿತ್ತು ಅಂತ ಆಮೇಲೆ ಡಾಕ್ಟ್ರು ಹೇಳಿದ್ದು. ಈಗ್ಲೂ ಎಡಗೈಲೇ ಉಣ್ತಾರೆ.

ಚೆಕ್‌ರೋಲ್ ರೈಟ್ರು
ಸೋಮವಾರ, ರಾತ್ರಿ 8:10

ಮೇಷ್ಟ್ರೇ ಓದಿ ಹೊಟ್ಟೆ ಹಿಂಡ್ತು.

ಲಗ್ನಪತ್ರಿಕೆ ಪ್ರಯೋಗ ಮಾಡ್ದೆ, ನಮ್ಮ ಷಡ್ಕನ ಮಗಳ ಮದುವೇದು. ಜಗಲಿ ಮೇಲಿಂದ ಆ ತೂತಲ್ಲಿ ನೋಡಿದ್ರೆ, ದೇವ್ರಾಣೆ, ಕಣದಲ್ಲಿ ನಿಂತಿರೋಳು ಯಾರು, ಅವಳ ಕೈಲಿರೋದು ಹಲುಬೆನೋ ಪೊರಕೆನೋ ಎಲ್ಲ ಕಂಡ್ತು! ಎರಡೂ ಕಣ್ಣಲ್ಲೂ. ಟೈಲ್ಸ್ ನೆಟ್ಟಗಿದೆ. ಕೆಂಪು ಎರಡ್ರಲ್ಲೂ ಒಂದೇ. ಮಾತ್ರೆ ಯಾವ್ದೂ ಇಲ್ಲ, ನಾನು ಆಸ್ಪತ್ರೆ ಮೆಟ್ಲು ಹತ್ತಿ ಎಂಟು ವರ್ಷ ಆಯ್ತು ಅಂತ ಹೆಮ್ಮೆಯಿಂದ ಹೇಳ್ಕೊಳೋನು. ಕೆಲ್ಸದವ್ರೆಲ್ಲ ರೈಟ್ರು ಲಗ್ನಪತ್ರಿಕೆ ಮುಖಕ್ಕೆ ಹಿಡ್ಕೊಂಡು ಏನ್ ಮಾಡ್ತವ್ರೆ ಅಂತ ನೋಡ್ತಿದ್ರು.

ಚಿಕ್ಮಗ್ಳೂರ್ ನೈಟ್‌ಡ್ಯೂಟಿ
ಸೋಮವಾರ, ರಾತ್ರಿ 11:45

ನಾನು ನರ್ಸ್. ರೈಟ್ರಣ್ಣ, ಬೇರೇದು ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ರಾತ್ರಿ ಎಷ್ಟು ಸಲ ಏಳ್ತೀರ? ಬಾಯಾರಿಕೆ ಹೆಂಗಿದೆ? ತೂಕ ಇಳ್ದಿದ್ಯಾ? ಬಚ್ಚಲು ಹಿಂದೆ ಇರುವೆ?

ಚೆಕ್‌ರೋಲ್ ರೈಟ್ರು
ಮಂಗಳವಾರ, ಬೆಳಿಗ್ಗೆ 5:50

ತಂಗಿ ನೀನೇನು ನಮ್ಮನೆ ಹಿತ್ಲಲ್ಲಿ ಕ್ಯಾಮೆರಾ ಇಟ್ಟಿದೀಯಾ?

ರಾತ್ರಿ ನಾಲ್ಕು ಸಲ. ಚಳಿಗಾಲ ಅಲ್ವಾ ಅಂತ ನಾನು. ಬಾಯಾರಿಕೆ ಇದೆ, ತಲೆ ಹತ್ರ ಚೊಂಬು ಇಟ್ಕೊಂಡೇ ಮಲಗೋದು, ಹೆಂಡ್ತಿ ಎರಡು ಚೊಂಬು ಇಡೋಕೆ ಶುರು ಮಾಡವ್ಳೆ. ದಿನಕ್ಕೆ ಐದಾರು ಲೋಟ ಬೆಲ್ಲದ ಕಾಫಿ, ಎಸ್ಟೇಟಲ್ಲಿ ಇದ್ಮೇಲೆ ಇನ್ನೇನು. ಬೆಲ್ಟಿಗೆ ದೀಪಾವಳಿ ಆದ್ಮೇಲೆ ಮೊಳೆ ಹೊಡ್ದು ಎರಡು ತೂತು ಹೆಚ್ಚಿಗೆ ಮಾಡ್ಕೊಂಡಿದೀನಿ, ಕೊಯ್ಲು ಓಡಾಟಕ್ಕೆ ಹೊಟ್ಟೆ ಕರಗ್ತು ಅಂದ್ಕೊಂಡಿದ್ದೆ. ಇರುವೆ ವಿಷ್ಯ ಹೆಂಡ್ತಿನ ಕೇಳ್ದೆ. ಅವಳು ತಿಂಗಳಿಂದ ಅಲ್ಲಿ ಇರುವೆ ಪುಡಿ ಹಾಕ್ತಿದಾಳಂತೆ.

ಚಿಕ್ಮಗ್ಳೂರ್ ನೈಟ್‌ಡ್ಯೂಟಿ
ಮಂಗಳವಾರ, ಬೆಳಿಗ್ಗೆ 6:20

ಇವತ್ತೇ ಹೋಗಿ ಅಣ್ಣ, ಇರುವೆ ಮುತ್ತೋದು ಮೂತ್ರದಲ್ಲಿ ಸಕ್ಕರೆ ಹೋಗ್ತಿದ್ರೆ. ಪಿಹೆಚ್‌ಸಿಲಿ 30 ದಾಟಿದೋರಿಗೆ ಬಿಪಿ ಶುಗರ್ ನೋಡ್ತಾರೆ, ಬೆರಳಿಗೆ ಚುಚ್ಚಿ ಒಂದು ಹನಿ, ಅಷ್ಟೆ. ಖಾಲಿ ಹೊಟ್ಟೇಲಿ 100ರ ಒಳಗಿರ್ಬೇಕು, 126 ಮುಟ್ಟಿದ್ರೆ ಶುಗರ್ ಅಂತ ಲೆಕ್ಕ. ಮೂರು ತಿಂಗಳ ಸರಾಸರಿ ತೋರ್ಸೋ ಹೆಚ್‌ಬಿಎ1ಸಿ ಅಂತ ಇದೆ, ಅದನ್ನೂ ಬರ್ಸ್ಕೊಳಿ, ಅದು 6.5 ಮುಟ್ಟಿದ್ರೂ ಶುಗರೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ಪಿಹೆಚ್‌ಸಿ ಬೇಡ, ಸೀದಾ ದೊಡ್ಡಾಸ್ಪತ್ರೆ.

ಬೇಲೂರ್ ಬೈಪಾಸ್
ಮಂಗಳವಾರ, ಬೆಳಿಗ್ಗೆ 9:02

ಒಂದ್ ನಿಮಿಷ. ಶುಗರ್ ಬಂದ್ರೆ ಕಣ್ಣು ಹೋಗುತ್ತೆ ಅಂತ ಕೇಳಿದೀನಿ, ಇವ್ರಿಗೆ ಬಂದಿದೆಯಲ್ಲ ಅದೂ ಚಾಳೀಸ್ ಬಿಡೋ ಅಷ್ಟು. ಇದೆಂಗೆ ಲೆಕ್ಕ?

ಕನ್ನಡಕದಂಗ್ಡಿ
ಮಂಗಳವಾರ, ಮಧ್ಯಾಹ್ನ 2:30

ಒಳ್ಳೇ ಪ್ರಶ್ನೆ, ಎರಡೂ ಬೇರೆ ಬೇರೆ. ಶುಗರ್‌ಗೆ ಕಣ್ಣು ಹೋಗೋದು ಅಂತೀವಲ್ಲ ಅದು ಹಿಂದಿನ ರೆಟಿನಾದ ರಕ್ತನಾಳ ಸೋರಿ ಹಾಳಾಗೋದು, ವರ್ಷಗಟ್ಲೆ ಸದ್ದಿಲ್ದೆ ನಡ್ಯೋ ಕೆಲ್ಸ. ರೈಟ್ರಿಗೆ ಆಗ್ತಿರೋದು ಕಣ್ಣೊಳಗೇ ಮುಂದುಗಡೆ ಇರೋ ಲೆನ್ಸಲ್ಲಿ. ಆ ಲೆನ್ಸ್‌ಗೆ ಸ್ವಂತ ರಕ್ತನಾಳ ಇಲ್ಲ, ಸುತ್ತ ಇರೋ ನೀರಿಂದಲೇ ಅದರ ಊಟ. ರಕ್ತದಲ್ಲಿ ಸಕ್ಕರೆ ಏರಿದ್ರೆ ಆ ನೀರಲ್ಲೂ ಏರುತ್ತೆ, ಲೆನ್ಸ್ ಒಳಗೆ ಹೋಗಿ ಸಾರ್ಬಿಟಾಲ್ ಅನ್ನೋ ವಸ್ತು ಆಗುತ್ತೆ, ಅದು ಆಚೆ ಬರಲ್ಲ, ಒಳಗೇ ಕೂತು ನೀರು ಎಳ್ಕೊಳ್ಳುತ್ತೆ. ಹಿತಕಿದಬೇಳೆಗೆ ರಾತ್ರಿ ಅವರೆಕಾಳು ನೆನೆಹಾಕ್ತೀವಲ್ಲ, ಬೆಳಿಗ್ಗೆ ಹೆಂಗೆ ಉಬ್ಬಿರುತ್ತೆ, ಹಂಗೆ. ಲೆನ್ಸ್ ಹಿಂಗಾದ್ರೆ ಸಾಮಾನ್ಯವಾಗಿ ನಂಬರ್ ಮೈನಸ್ ಕಡೆ ಜಾರುತ್ತೆ, ಹತ್ರದ್ದು ಕನ್ನಡಕ ಇಲ್ದೆ ಕಾಣುತ್ತೆ, ದೂರದ್ದು ಮಬ್ಬು. ಎರಡು ಕಣ್ಣಿಗೂ ಒಂದೇ ರಕ್ತ, ಅದ್ಕೇ ಎರಡೂ ಒಟ್ಟಿಗೆ. ದಿನ ದಿನ ಸಕ್ಕರೆ ಬದಲಾದಂಗೆ ನಂಬರ್ರೂ ಬದಲಾಗುತ್ತೆ, ಅದ್ಕೇ ಹತ್ತೇ ದಿನಕ್ಕೆ ಕನ್ನಡಕ ಸುಳ್ಳಾಗಿದ್ದು.

ಮೇಷ್ಟ್ರ ಅನುಮಾನ ತಪ್ಪಲ್ಲ, ಪೊರೆಯಲ್ಲೂ ಹಿಂಗೇ ಓದೋಕೆ ಬರುತ್ತೆ, ಆದ್ರೆ ಅದು ನಿಧಾನ, ತಿಂಗಳು ವರ್ಷ ಹಿಡ್ಯುತ್ತೆ, ವಾರದ ಲೆಕ್ಕದಲ್ಲಿ ಬರಲ್ಲ.

ಇನ್ನು ಆ ಅಂಗಡಿಯವ್ರ ಬಗ್ಗೆ: ನಂಬರ್ ಹಿಂಗೆ ಓಡ್ತಿದ್ದಾಗ ಕನ್ನಡಕ ಮಾರೋ ಬದ್ಲು ಶುಗರ್ ಟೆಸ್ಟ್ ಮಾಡ್ಸಿ ಬನ್ನಿ ಅಂತ ಕಳಿಸ್ಬೇಕಿತ್ತು. ನಮ್ಮ ಕಸುಬಿನವ್ರೇ, ಆದ್ರೂ ಹೇಳ್ಬೇಕಾಗುತ್ತೆ.

ಕೊಟ್ಟಿಗೆಹಾರ ಮಳೆ
ಮಂಗಳವಾರ, ರಾತ್ರಿ 8:55

ಮಾರಾಯ್ರೆ ಇಲ್ಲೇ ನಂದೂ ಒಂದು ಕೇಳ್ತೆ. ನಂಗೆ 41, ಸಣ್ಣದ್ರಿಂದ ಮೈನಸ್ ಏಳು. ಮೂರು ದಿನದಿಂದ ಬಲಗಣ್ಣಿನ ಮೂಲೇಲಿ ಕತ್ತಲಲ್ಲಿ ಟಾರ್ಚ್ ಹಾಕಿ ಆರಿಸ್ದಂಗೆ ಪಳಕ್ ಪಳಕ್ ಅಂತದೆ. ನಿನ್ನೆಯಿಂದ ಕಾಳುಮೆಣಸಿನ ಪುಡಿ ಉದುರ್ಸಿದ ಹಾಗೆ ಕಪ್ಪು ಚುಕ್ಕಿ ಸುಮಾರು. ಇವತ್ತು ಮಧ್ಯಾಹ್ನದಿಂದ ಕೆಳಗಿನ ಮೂಗಿನ ಬದಿ ಸ್ವಲ್ಪ ಕಪ್ಪು ಪರದೆ ಥರ. ನೋವು ಎಂತ ಇಲ್ಲ. ಇದೂ ಶುಗರ್ರಾ? ಕೊಯ್ಲಿಗೆ ಜನ ಸಿಕ್ಕಿದ್ದೇ ಕಷ್ಟ ಈ ಸಲ, ಹದಿನೈದು ದಿನ ಬಿಟ್ಟು ಪೇಟೆಗೆ ಹೋಗುವ ಅಂತಿದ್ದೆ.

ಕನ್ನಡಕದಂಗ್ಡಿ
ಮಂಗಳವಾರ, ರಾತ್ರಿ 8:58

ಹದಿನೈದು ದಿನ ಅಲ್ಲ ಸಾರ್ ಹದಿನೈದು ಗಂಟೆನೂ ಕಾಯ್ಬೇಡಿ. ಮಿಂಚು, ಚುಕ್ಕಿ, ಆಮೇಲೆ ಪರದೆ, ಇದು ರೆಟಿನಾ ಗೋಡೆಯಿಂದ ಕಳಚ್ಕೊಳ್ತಿರೋ ಲಕ್ಷಣ, ದೊಡ್ಡ ಮೈನಸ್ ಇರೋರಿಗೆ ಜಾಸ್ತಿ. ನಡುಭಾಗ ಇನ್ನೂ ಕಾಣ್ತಿದೆ ಅಲ್ವಾ? ಅದು ಕಳಚೋಕ್ ಮುಂಚೆ ಆಪರೇಷನ್ ಆದ್ರೆ ದೃಷ್ಟಿ ಉಳಿಯೋದು. ಮಾಮೂಲಿ ಕಣ್ಣಾಸ್ಪತ್ರೆ ಬೇಡ, ರೆಟಿನಾ ಸರ್ಜನ್ ಇರೋ ಕಡೆ ಹೋಗಿ. ಮಂಗಳೂರೇ ನಿಮಗೆ ಹತ್ರ. ನೀವು ಗಾಡಿ ಓಡಿಸ್ಬೇಡಿ.

ಅರಸೀಕೆರೆ ಪ್ಯಾಸೆಂಜರ್
ಮಂಗಳವಾರ, ರಾತ್ರಿ 9:04

ಹೋಗಪ್ಪ. ಹಣ್ಣು ಉದುರಿದ್ರೆ ಉದುರ್ಲಿ, ನೆಲದಿಂದ ಆರ್ಸ್ಕೋಬಹುದು.

ಆಲೂರ್ ಟ್ರ್ಯಾಕ್ಟರ್
ಮಂಗಳವಾರ, ರಾತ್ರಿ 9:10

ಹೊರಟ್ರಾ? ಹೊರಟ್ರೆ ಇಲ್ಲೊಂದು ಮಾತು ಹಾಕಿ.

ಚೆಕ್‌ರೋಲ್ ರೈಟ್ರು
ಬುಧವಾರ, ಸಂಜೆ 6:40

ಕೊಟ್ಟಿಗೆಹಾರದವ್ರ ಸುದ್ದಿ ಏನಾದ್ರೂ ಗೊತ್ತಾಯ್ತಾ ಯಾರಿಗಾದ್ರೂ? ಬೆಳಿಗ್ಗೆಯಿಂದ ನೋಡ್ತಿದೀನಿ.

ನಂದು: 386. ಪಿಹೆಚ್‌ಸಿ ಹುಡುಗಿ ಮಿಷಿನ್ ತಿರುಗ್ಸಿ ಮುರುಗ್ಸಿ ನೋಡಿ ಇನ್ನೊಂದು ಬೆರಳು ಚುಚ್ಚಿದ್ಲು, 391. ಮೂರು ತಿಂಗಳದ್ದು 11.8. ಡಾಕ್ಟ್ರು ಎರಡು ಥರ ಮಾತ್ರೆ ಬರ್ಕೊಟ್ಟು, ಇಷ್ಟ್ ದಿನ ಹೆಂಗಪ್ಪ ಓಡಾಡ್ಕೊಂಡಿದ್ದೆ ಅಂದ್ರು. ನಮ್ಮಪ್ಪಂಗೆ ಶುಗರ್ ಇತ್ತು, ಕಾಲ್ಬೆರಳು ತೆಗ್ದಿದ್ರು, ಗೊತ್ತಿದ್ದೂ ನಾನು ಒಂದು ಸಲನೂ ಟೆಸ್ಟ್ ಮಾಡಿಸ್ಲಿಲ್ಲ. ಬಸ್ಸಲ್ಲಿ ವಾಪಸ್ ಬರ್ತಾ ಅದನ್ನೇ ಯೋಚ್ನೆ ಮಾಡ್ತಿದ್ದೆ. ಈ ಸಲ ಬೋರ್ಡ್ ಓದ್ಲಿಲ್ಲ, ಕೇಳಿ ಹತ್ತಿದೆ.

ಹೊನಗೊನ್ನೆ
ಬುಧವಾರ, ರಾತ್ರಿ 7:30

ಧೈರ್ಯವಾಗಿರಿ ಅಣ್ಣ. ಸೊಪ್ಪು ಬಿಡ್ಬೇಡಿ ಶುಗರ್‌ಗೂ ಸೊಪ್ಪು ಒಳ್ಳೇದೇ, ಬೆಲ್ಲದ ಕಾಫಿ ಮಾತ್ರ ಬಿಡಿ. ಜೇನುತುಪ್ಪದ ಮಾತು ವಾಪಸ್ ತಗೊಂಡಿದೀನಿ ನಾನು, ನಮ್ಮತ್ತೆಗೆ ಹೇಳ್ಬೇಡಿ 🙂

ಚೆಕ್‌ರೋಲ್ ರೈಟ್ರು
ಒಂಬತ್ತು ದಿನ ಆದ್ಮೇಲೆ, ರಾತ್ರಿ 10:15

ಯಾರಾದ್ರೂ ಇದೀರಾ. ಇದು ಗಲಾಟೆ ಆಯ್ತು. ಮಾತ್ರೆ ಸರಿಯಾಗಿ ತಗೊಂಡೆ, ಶುಗರ್ 170ಕ್ಕೆ ಇಳ್ದಿದೆ, ರಾತ್ರಿ ಒಂದೇ ಸಲ ಏಳ್ತೀನಿ. ನಾಲ್ಕನೇ ದಿನ ದೂರದ್ದು ಚೆನ್ನಾಗಿ ಕಂಡ್ತು, ಆಹಾ ಅಂದ್ಕೊಂಡೆ, ಈಗ ನೋಡಿದ್ರೆ ಹತ್ರದ್ದು ಪೂರ್ತಿ ಹೋಯ್ತು! ಹಳೇ ಚಾಳೀಸ್ ಹುಡ್ಕಿ ಹಾಕಿದ್ರೆ ಅದ್ರಲ್ಲೂ ಕಾಣಲ್ಲ. ಇವತ್ತು ದೂರದ್ದೂ ಮಬ್ಬು. ಮೊದ್ಲು ಮೈನಸ್ ಇತ್ತು ಈಗ ಎರಡೂ ಇಲ್ಲ. ಈ ಮಾತ್ರೆನೇ ಕಣ್ಣು ತಿಂತಿದೆ ಅಂತ ನಂಗೆ ಗ್ಯಾರಂಟಿ ಆಗಿದೆ, ಪಕ್ಕದ ಎಸ್ಟೇಟ್ ಡ್ರೈವರೂ ಅದೇ ಹೇಳ್ದ. ನಾಳೆಯಿಂದ ನಿಲ್ಲಿಸ್ಬಿಡ್ತೀನಿ. ಬಟವಾಡೆಗೆ ಮಗಳನ್ನ ಕೂರಿಸ್ಕೊಂಡು ಬರ್ಸಿದೆ ಇವತ್ತು.

ಚಿಕ್ಮಗ್ಳೂರ್ ನೈಟ್‌ಡ್ಯೂಟಿ
ಅದೇ ದಿನ, ರಾತ್ರಿ 10:22

ನಿಲ್ಲಿಸಿದ್ರೆ ನಾನೇ ಬಂದು ಬೈತೀನಿ. ಒಂದು ಮಾತ್ರೆನೂ ಬಿಡ್ಬೇಡಿ. ಅಂಗ್ಡಿಯವ್ರು ಬರ್ಲಿ ತಾಳಿ.

ಕನ್ನಡಕದಂಗ್ಡಿ
ಅದೇ ದಿನ, ರಾತ್ರಿ 11:05

ತಪ್ಪು ನಂದೇ, ಇದನ್ನ ಮೊದ್ಲೇ ಹೇಳಿಡ್ಬೇಕಿತ್ತು. ರೈಟ್ರೇ, ಇದು ಮಾತ್ರೆ ಕೆಲ್ಸ ಮಾಡ್ತಿದೆ ಅನ್ನೋದರ ಗುರುತು. ರಕ್ತದಲ್ಲಿ ಸಕ್ಕರೆ ಬೇಗ ಇಳೀತು, ಆದ್ರೆ ಲೆನ್ಸ್ ಒಳಗಿಂದು ಅಷ್ಟು ಬೇಗ ಇಳಿಯಲ್ಲ, ಅದ್ರ ಲೆಕ್ಕವೇ ನಿಧಾನ. ಈ ಹೊಂದಾಣಿಕೆ ಆಗೋವರ್ಗೂ ನಂಬರ್ ಪ್ಲಸ್ ಕಡೆ ತೂಗುತ್ತೆ, ಉಯ್ಯಾಲೆ ಒಂದು ಕಡೆ ಹೋದ್ರೆ ಇನ್ನೊಂದು ಕಡೆಗೂ ಹೋಗ್ಲೇಬೇಕಲ್ಲ. ಎಷ್ಟು ಜಾಸ್ತಿ ಶುಗರ್ ಎಷ್ಟು ಬೇಗ ಇಳೀತೋ ಅಷ್ಟು ದೊಡ್ಡ ತೂಗಾಟ. ಸಾಮಾನ್ಯವಾಗಿ ಮೊದಲ ಒಂದೆರಡು ವಾರ ಜಾಸ್ತಿ ಇದ್ದು ಆಮೇಲೆ ಮೆಲ್ಲಗೆ ಹಳೇ ನಂಬರ್ ಹತ್ರ ಬರುತ್ತೆ, ಆರರಿಂದ ಎಂಟು ವಾರ ಅಂತ ಇಟ್ಕೊಳಿ. ಅಲ್ಲೀವರ್ಗೂ ದುಡ್ಡು ಕೊಟ್ಟು ಕನ್ನಡಕ ಮಾಡಿಸ್ಬೇಡಿ, ನಮ್ಮಂಗ್ಡೀಲೂ ಬೇಡ. ಓದೋಕೆ ರೆಡಿಮೇಡ್ ಸಿಗುತ್ತಲ್ಲ ನೂರು ನೂರೈವತ್ತಕ್ಕೆ, ಪ್ಲಸ್ ಎರಡೂವರೆದು ಒಂದು ತಗೊಳಿ, ಅದ್ರಲ್ಲಿ ದಿನ ತಳ್ಳಿ. ಗಾಡಿ ಬಿಡ್ಬೇಡಿ.

ಇನ್ನೊಂದು ಕಡ್ಡಾಯ. ರೆಟಿನಾ ಪರೀಕ್ಷೆ. ಈ ಥರ ಶುಗರ್ ಗೊತ್ತಾದಾಗ್ಲೇ ಮಾಡಿಸ್ಬೇಕು, ಯಾಕಂದ್ರೆ ಗೊತ್ತಾಗಿದ್ದು ಇವತ್ತು, ಶುರು ಯಾವತ್ತಾಯ್ತೋ. ಆಮೇಲೆ ವರ್ಷಕ್ಕೊಂದ್ಸಲ, ಚೆನ್ನಾಗಿ ಕಾಣ್ತಿದ್ರೂ.

ಬೇಲೂರ್ ಬೈಪಾಸ್
ಮರುದಿನ, ಬೆಳಿಗ್ಗೆ 8:00

ಆ ಡ್ರೈವರಣ್ಣಂಗೆ ಹೇಳಿ, ಡಾಕ್ಟ್ರ ಸೀಟಲ್ಲಿ ಕೂತ್ಕೋಬೇಡ ಅಂತ.

ಕೊಟ್ಟಿಗೆಹಾರ ಮಳೆ
ಮರುದಿನ, ಮಧ್ಯಾಹ್ನ 3:30

ಎಲ್ರಿಗೂ ನಮಸ್ಕಾರ. ನಾನು ಬೋರಲು ಮಲಗಿ ಹೇಳ್ತಿದ್ದೇನೆ, ಅಕ್ಕನ ಮಗಳು ಟೈಪ್ ಮಾಡ್ತಿದಾಳೆ, ತಪ್ಪಿದ್ರೆ ಅವಳದ್ದು.

ಅವತ್ತು ರಾತ್ರಿನೇ ಭಾವ ಜೀಪ್ ತಂದ್ರು, ಚಾರ್ಮಾಡಿ ಇಳಿದು ಹೋದೆವು. ಬೆಳಿಗ್ಗೆ ನೋಡಿದ ಡಾಕ್ಟ್ರು ರೆಟಿನಾ ಮೇಲ್ಗಡೆ ಹರಿದಿದೆ, ನಡುಭಾಗಕ್ಕೆ ಕೂದಲೆಳೆ ಬಾಕಿ ಅಂದ್ರು, ಮಾರನೇ ದಿನವೇ ಆಪರೇಷನ್. ಒಳಗಿನ ಲೋಳೆ ತೆಗ್ದು ಲೇಸರ್ ಹೊಡ್ದು ಒಂದು ಗ್ಯಾಸ್ ತುಂಬಿದಾರೆ, ಅದು ಒಳಗಿಂದ ರೆಟಿನಾ ಒತ್ತಿ ಹಿಡೀತದಂತೆ, ಅದ್ಕೇ ಈ ಬೋರಲು ಮಲಗೋ ಶಿಕ್ಷೆ. ಅಕ್ಕನ ಮನೆ ರೆಡ್ ಆಕ್ಸೈಡ್ ನೆಲದಲ್ಲಿ ಎಷ್ಟು ಬಿರುಕಿದೆ ಅಂತ ಎಡಗಣ್ಣಲ್ಲಿ ಲೆಕ್ಕ ಹಾಕಿ ಮುಗ್ದಿದೆ, ಹದಿನೇಳು.

ಒಂದು ಸಂಗತಿ ಹೇಳ್ಲೇಬೇಕು. ಡಿಸ್ಚಾರ್ಜ್ ಮಾಡುವಾಗ ಡಾಕ್ಟ್ರು ಊರು ಯಾವ್ದು ಅಂದ್ರು, ಕೊಟ್ಟಿಗೆಹಾರ ಅಂದೆ. ಪೆನ್ನು ಕೆಳಗಿಟ್ರು. ಘಾಟಿ ಹತ್ತಂಗಿಲ್ಲ ಅಂದ್ರು! ಮಂಗಳೂರು ಸಮುದ್ರದ ಮಟ್ಟ, ನಮ್ಮೂರು ಸಾವಿರ ಮೀಟರ್ ಹತ್ರ ಹತ್ರ. ಮೇಲೆ ಹೋದ್ಹಾಗೆ ಹೊರಗಿನ ಗಾಳಿ ಒತ್ತಡ ಕಮ್ಮಿ, ಕಣ್ಣೊಳಗಿನ ಗ್ಯಾಸ್ ಉಬ್ಬುತ್ತೆ, ಚಾರ್ಮಾಡಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬೋದು ನೋಡಿದ್ದೇವಲ್ಲ ಅದೇ. ಪ್ಯಾಕೆಟ್ ಒಡೆದ್ರೆ ಎಂತ ಇಲ್ಲ, ಕಣ್ಣೊಳಗೆ ಪ್ರೆಷರ್ ಏರಿದ್ರೆ ರಕ್ತ ಓಡಾಟವೇ ನಿಂತು ದೃಷ್ಟಿ ಹೋಗ್ತದಂತೆ. ವಿಮಾನವೂ ಇಲ್ಲ. ಕೈಗೆ ಒಂದು ಪಟ್ಟಿ ಕಟ್ಟಿದಾರೆ, ಬೇರೆ ಯಾವ್ದಾದ್ರೂ ಆಪರೇಷನ್‌ಗೆ ಅರಿವಳಿಕೆ ಕೊಡುವವ್ರು ಒಂದು ಥರದ ಗ್ಯಾಸ್ ಕೊಡ್ಬಾರ್ದು ಅಂತ ಬರ್ದಿದೆ. ಹಾಗಾಗಿ ಗುಳ್ಳೆ ಕರಗುವವರೆಗೆ ಉಜಿರೆ ಅಕ್ಕನ ಮನೇಲೇ ವಾಸ. ಕೆಲವು ಗ್ಯಾಸ್ ಎರಡು ವಾರಕ್ಕೆ ಹೋಗ್ತದೆ, ಕೆಲವು ಆರೆಂಟು ವಾರ, ನಂದು ಉದ್ದದ್ದು. ಭಾವ ಸುಮ್ನೆ ಜೀಪ್ ಹತ್ತಿಸ್ಕೊಂಡು ಮನೆಗೆ ಹೊರಟಿದ್ರೆ? ಊರು ಕೇಳ್ದಿದ್ರೆ? ರಾತ್ರಿ ಎಲ್ಲ ಅದೇ ತಲೇಲಿ.

ಕೊಯ್ಲು ಹೆಂಡ್ತಿ ನೋಡ್ಕೊಳ್ತಿದಾಳೆ. ನಂಗಿಂತ ಚೆನ್ನಾಗೇ ಆಗ್ತಿದೆ ಅಂತ ಸುದ್ದಿ.

ಅರಸೀಕೆರೆ ಪ್ಯಾಸೆಂಜರ್
ಮರುದಿನ, ಸಂಜೆ 5:15

ಹೋದ್ಯಲ್ಲಪ್ಪ, ಸಾಕು.

ಚೆಕ್‌ರೋಲ್ ರೈಟ್ರು
ಐದು ವಾರ ಆದ್ಮೇಲೆ, ರಾತ್ರಿ 8:40

ಕೊಟ್ಟಿಗೆಹಾರದವ್ರೇ ಘಾಟಿ ಹತ್ತಿದ್ರಾ?

ನನ್ನ ಕಥೆ: ಖಾಲಿ ಹೊಟ್ಟೆಗೆ 118. ಬೆಲ್ಲದ ಕಾಫಿ ಇಲ್ಲ, ಬರೀ ಕಾಫಿ, ಕಷಾಯ ಕುಡ್ದಂಗೆ ಆಗುತ್ತೆ ಆದ್ರೂ ಕುಡೀತೀನಿ. ದೂರದ್ದು ಬಂದಿದೆ, ಕಣದಲ್ಲಿ ಯಾರು ಕೂತು ಎಲೆಅಡಿಕೆ ಹಾಕ್ತಿದಾರೆ ಅಂತ ಜಗಲಿಯಿಂದಲೇ ಗೊತ್ತಾಗುತ್ತೆ, ಅವ್ರಿಗದು ಇಷ್ಟ ಇಲ್ಲ. ಹತ್ರಕ್ಕೆ ಮೊದ್ಲು ಎರಡೂವರೆ ಬೇಕಿತ್ತು, ಈಗ ಅದು ಜಾಸ್ತಿ ಅನ್ನಿಸ್ತಿದೆ, ಹಳೇ ಒಂದೂಮುಕ್ಕಾಲೇ ಸಾಕಾಗೋ ಹಂಗಿದೆ. ಚಾಳೀಸ್ ವಾಪಸ್ ಬಂತು ಅಂತ ಖುಷಿ ಪಟ್ಟೋನು ಈ ಜಿಲ್ಲೇಲಿ ನಾನೊಬ್ನೇ ಇರ್ಬೇಕು. 2,200ರದ್ದು ಡಬ್ಬಿಲಿ ಮಲಗಿದೆ.

ರೆಟಿನಾ ಟೆಸ್ಟ್ ಮಂಗಳವಾರ ಹಾಸನದಲ್ಲಿ. ಒಂದೇ ಪ್ರಶ್ನೆ, ಹನಿ ಹಾಕಿದ್ಮೇಲೆ ನಾನೊಬ್ನೇ ಬಸ್ಸಲ್ಲಿ ಬರ್ಬೋದಾ?

ಕನ್ನಡಕದಂಗ್ಡಿ
ಅದೇ ದಿನ, ರಾತ್ರಿ 9:10

ನಾಲ್ಕೈದು ಗಂಟೆ ಹತ್ರದ್ದು ಕಾಣಲ್ಲ, ಬಿಸಿಲು ಚುಚ್ಚುತ್ತೆ. ಜೊತೆಗೊಬ್ರು ಇದ್ರೆ ಒಳ್ಳೇದು, ಕೂಲಿಂಗ್ ಗ್ಲಾಸ್ ತನ್ನಿ. ಬೋರ್ಡಲ್ಲಿ ‘ಹಾ’ ನೋಡಿ ಹತ್ಬೇಡಿ.

ಬೇಲೂರ್ ಬೈಪಾಸ್
ಅದೇ ದಿನ, ರಾತ್ರಿ 9:26

ರೈಟ್ರೇ ಮಂಗಳವಾರ ನಾನೂ ಹಾಸನಕ್ಕೆ ಬರ್ತಿದೀನಿ. ಹೇಳಿರ್ಲಿಲ್ಲ, ಇದೆಲ್ಲ ಓದ್ತಾ ಅಪ್ಪನ ಬೆರಳೂ ಚುಚ್ಚಿಸ್ದೆ, ಊಟ ಆಗಿ ಎರಡು ಗಂಟೆಗೆ 240. ಅವ್ರಿಗೂ ಅದೇ ಟೆಸ್ಟ್ ಬರ್ದಿದಾರೆ. ಕಾರ್ ನಾನೇ ಓಡಿಸ್ತೀನಿ, ಹೊಸ ಬಸ್ ಸ್ಟ್ಯಾಂಡ್ ಹತ್ರ ನಿಂತಿರಿ. ಬಿಳಿ ಕಾರು. ಕಾಣ್ಲಿಲ್ಲ ಅಂದ್ರೆ ನಾನೇ ಹಾರ್ನ್ ಹೊಡೀತೀನಿ.

ಕೊಟ್ಟಿಗೆಹಾರ ಮಳೆ
ಮರುದಿನ, ಬೆಳಿಗ್ಗೆ 7:05

ಇಲ್ಲ ಮಾರಾಯ್ರೆ ಇನ್ನೂ ಉಜಿರೆಲೇ. ಗುಳ್ಳೆ ಸಣ್ಣ ಆಗಿದೆ, ತಲೆ ಆಡಿಸಿದ್ರೆ ಕಣ್ಣಿನ ಕೆಳಗಡೆ ನೀರುಮಟ್ಟದ ಗುಳ್ಳೆ ಥರ ಆಚೆ ಈಚೆ ಓಡ್ತದೆ. ಅದರ ಮೇಲೆ ಕಾಣ್ತಿದೆ, ಅಕ್ಕನ ಮನೆ ಬಾಗಿಲು, ಬಾಗಿಲಾಚೆ ತೆಂಗಿನ ಮರ.